ಗಂಗವ್ವನ ಐದು ಕಲ್ಲು

ಕಲ್ಲು ಹಾಕಿದಾಕಿ ನಾನೇ, ಇಲ್ಲ ಅನ್ನೂದಿಲ್ಲ. ಹಾಕು ಅಂದಾಕಿ ನಮ್ಮತ್ತಿ ಕಲ್ಲವ್ವ.

ಎಕ್ಕಂಬಿಯ ನಮ್ಮ ಹಿತ್ತಲದಾಗ ಬೋರ್ ಕೊರಿಯೂ ಗಾಡಿ ನಿಂತಿತ್ತು. ಇನ್ನೂರಾ ಎಂಬತ್ತು ಅಡಿಗೆ ಕರಿಕಲ್ಲು ಹತ್ತಿತು. ಡ್ರಿಲ್ಲರ್ ಮಾದೇವಣ್ಣ ಮಷೀನ್ ನಿಲ್ಲಿಸಿ ಚಾ ಕುಡಿಯಾಕ ಹೋದ. ಅತ್ತಿ ಐದು ಕಲ್ಲು ತಂದು ನನ್ನ ಸೆರಗಿಗೆ ಸುರುವಿದ್ರು. ಮುಂಜಾನೆ ಗಂಗವ್ವ ಅಂತ ಅರಿಷಿಣ ಕುಂಕುಮ ಹಚ್ಚಿ ಪೂಜಿ ಮಾಡಿದ ಕಲ್ಲು.

"ಪೂಜಿ ಆದಮ್ಯಾಲೆ ಬಾವಿಗೆ ಬಿಡಬೇಕು ಶೈಲಾ. ಪದ್ಧತಿ."

"ಇದು ಬಾವಿ ಅಲ್ರಿ ಅತ್ತಿ, ಬೋರು."

"ನೀರು ಬರೂದು ಬ್ಯಾಡೇನು ನಿನಗ?"

ಸುಡ್ಲಿ ಅಂತ ಬೋರಿನಾಗ ಇಳಿಸಿದ್ದ ರಾಡಿನ ಮಗ್ಗಲ ಸಂದಿಯಾಗ ಒಂದೊಂದಾಗಿ ಬಿಟ್ಟೆ.

ಮಷೀನ್ ಚಾಲೂ ಮಾಡಿದ್ದೇ ತಡ, ಕರ್ರ್ ಅಂದು ನಿಂತೇಬಿಡ್ತು. ಕಲ್ಲು ಒಡಿಯೂ ಹ್ಯಾಮರ್ ತಳದಾಗ ಸಿಕ್ಕೊಂಡಿತ್ತು. ತಿರುಗವಲ್ದು, ಮ್ಯಾಲೂ ಬರವಲ್ದು. ಗಾಡಿ ಮಾಲೀಕ ಫೋನಿನಾಗ ಮಾದೇವಣ್ಣಗ ಚೀರಿದ್ದು ನಮಗೂ ಕೇಳಿಸ್ತು: "ಹ್ಯಾಮರ್ ಹೋತಂದ್ರ ನಾಳೆಯಿಂದ ಕೆಲಸಕ್ಕ ಬರಬ್ಯಾಡ!"

ಮಾದೇವಣ್ಣನ ಮಾರಿ ಸಣ್ಣದಾತು. "ಒಳಗ ಏನರೆ ಬಿದ್ದೈತೇನ್ರಿ? ಬಿದ್ದಿದ್ರ ಎಳದಷ್ಟೂ ಬಿಗೀತೈತಿ, ರಾಡು ಕಟ್ ಆಗಿ ಹ್ಯಾಮರ್ ಒಳಗ ಉಳೀತೈತಿ. ಬಿದ್ದಿಲ್ಲಂದ್ರ ಎಳೀತೇನಿ."

ಅತ್ತಿ ನನ್ನ ರಟ್ಟಿ ಚಿವುಟಿದ್ರು. "ಬಾಯಿ ಬಿಟ್ಟಿ ನೋಡು."

"ಏನೂ ಬಿದ್ದಿಲ್ಲ, ಎಳೀರಿ" ಅಂದ ನನ್ನ ಗಂಡ ವಿನೋದ. ಅವಗೇನು ಗೊತ್ತು ಪಾಪ.

ಮಾದೇವಣ್ಣ ಲಿವರಿಗೆ ಕೈ ಹಾಕಿದ. ರಾಡು ನರಳಿತು. ಅಯ್ಯ ಶಿವನೆ! ಅತ್ತಿ ಉಗುರು ಇನ್ನೂ ರಟ್ಟ್ಯಾಗ. ಈ ಮನಷ್ಯಾನ ಅನ್ನ ಹೋಗತೈತಲ್ಲ!

"ನಿಲ್ಲಸ್ರೀ! ಐದು ಕಲ್ಲು ಬಿದ್ದಾವು!"

ಮಾದೇವಣ್ಣ ಬೈಲಿಲ್ಲ. "ಎಷ್ಟು ದಪ್ಪ?" ಅಂದ. ಹೆಬ್ಬೆರಳು ತೋರಿಸಿದೆ. ಎಳಿಯೂದು ಬಿಟ್ಟು ಹ್ಯಾಮರ್ ತುಸು ಕೆಳಗ ಇಳಿಸಿ, ನೀರು ಹಾಕಿ, ಹಗೂರಕ ತಿರುಗಿಸಿ ಆ ಕಲ್ಲು ಅರದು ಪುಡಿ ಮಾಡಾಕ ಹತ್ತಿದ. ಎರಡು ತಾಸು ಕಟಕಟ ಅಂತ ಹಲ್ಲು ಕಡದಂಗ ಸಪ್ಪಳ. ಕಡೀಗೆ ಹ್ಯಾಮರ್ ಮ್ಯಾಲೆ ಬಂತು. ಮಾದೇವಣ್ಣ ಅದನ್ನ ಮುಟ್ಟಿ ಹಣಿಗೆ ಹಚ್ಚಿಕೊಂಡ.

ಅಷ್ಟರಾಗ ಓಣಿ ಮಂದಿ ಎಲ್ಲಾ ಕೂಡಿತ್ತು. ಅತ್ತಿ ಗಟ್ಟ್ಯಾಗಿ ಅಂದ್ರು: "ನಾ ಬ್ಯಾಡಾ ಬ್ಯಾಡಾ ಅಂದ್ರೂ ಕೇಳಲಿಲ್ಲವಾ ಇಕಿ, ಹಾಕೇಬಿಟ್ಲು."

"ಅತ್ತೀ! ನೀವೇ ಅಲ್ರೀ—"

"ಅವ್ವ ಸುಳ್ಳು ಹೇಳ್ತಾಳೇನು?" ವಿನೋದ ನನ್ನನ್ನ ದುರುಗುಟ್ಟಿ ನೋಡಿದ. "ಮಾದೇವಣ್ಣಗ ತಪ್ಪಾತು ಅನ್ನು."

ಮಾದೇವಣ್ಣ ಕೈ ಅಡ್ಡ ಹಿಡಿದು, "ಬ್ಯಾಡ್ರಿ, ಈ ತಂಗೀನೇ ನನ್ನ ಉಳಿಸ್ಯಾಳ" ಅಂದ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ.

ಎಂಟು ವರ್ಷದಾಗ ಈ ಮನಿ ನನಗ ಕಲಿಸಿದ್ದು ಅದೊಂದ ಮಾತು. "ತಪ್ಪಾತ್ರಿ" ಅಂದೆ.