ಕಾಗೆ ಮುಟ್ಟಿದ ಮಾತು

“ರೀ, ಸಾಹಿತ್ಯನ್ನ ಆ ದ್ವೀಪಕ್ಕೆ ನಾನೇ ಕರ್ಕೊಂಡು ಹೋಗ್ತೀನಿ. ಈಗಾದ್ರೂ ಬನ್ನಿ.”

ಆರು ವರ್ಷದ ಹಿಂದೆ, ಪರದೇಶದ ಥಾರ್ನ್‌ಹಿಲ್ ಊರಿನ ಮನೆಯ ಹಿತ್ತಲಲ್ಲಿ ನಿಂತು ಅರುಂಧತಿ ಮಗಳ ಬಗ್ಗೆ ಹೀಗೆ ಮಾತು ಕೊಟ್ಟದ್ದು ಸತ್ತ ಗಂಡನಿಗೆ. ಅಂದು ಉಮಾಶಂಕರನ ಹತ್ತನೆಯ ದಿನ. ಬೇಲಿಯ ಬಳಿ ಇಟ್ಟ ಪಿಂಡವನ್ನು ಕಾಗೆ ಮುಟ್ಟಿರಲಿಲ್ಲ. ಅಳಿಲೊಂದು ಬಂದು ಮೂಸಿ ಹೋಗಿತ್ತು. ಕಡಲಹಕ್ಕಿಗಳನ್ನು ಭಾವ ಕೃಷ್ಣಮೂರ್ತಿ ಟವೆಲು ಬೀಸಿ ಓಡಿಸಿದ್ದರು. ಸಂಜೆ ಶಿಫ್ಟಿಗೆ ಹೋಗಬೇಕಿದ್ದ ಪುರೋಹಿತರು, “ಏನೋ ಆಸೆ ಉಳ್ಕೊಂಡಿದೆ. ಯಾರಾದ್ರೂ ಮಾತು ಕೊಡಿ,” ಎಂದರು. ಮಗುವಿನ ಓದಿಗೆ, ಮದುವೆಗೆ, ಎಲ್ಲಕ್ಕೂ ಮಾತು ಕೊಟ್ಟು ಕೃಷ್ಣಮೂರ್ತಿ ಸೋತರು. ಕೊನೆಗೆ ಅರುಂಧತಿ ಬಾಯಿ ತೆರೆದಳು. ಪಕ್ಕದ ಮನೆಯ ಮೇಪಲ್ ಮರದಿಂದ ಕಾಗೆ ನೆಟ್ಟಗೆ ಇಳಿದು ಬಂತು.

ಉಮಾಶಂಕರ ಸರೋವರದಲ್ಲಿ ಮುಳುಗಿ ಸತ್ತದ್ದು ಆ ದ್ವೀಪಕ್ಕೆ ಹೋಗುವಾಗಲೇ. ಬೇಸಿಗೆ ಬಂತೆಂದರೆ ಒಬ್ಬನೇ ಉತ್ತರದ ಕಾಡಿಗೆ ಹೊರಡುತ್ತಿದ್ದ. ದ್ವೀಪದ ಬಂಡೆಯ ಮೇಲೆ ಯಾರೋ ಬಹಳ ಹಿಂದೆ ಬರೆದ ಕೆಂಪು ಚಿತ್ರಗಳಿವೆಯಂತೆ. “ಸಾಹಿತ್ಯ ಸ್ವಲ್ಪ ದೊಡ್ಡೋಳಾಗ್ಲಿ, ತೋರಿಸ್ತೀನಿ,” ಎನ್ನುತ್ತಿದ್ದ. ಕೆಲಸದಿಂದ ಬಂದವನು ಗರಾಜಿನ ಬಾಗಿಲಲ್ಲೇ ಸಿಳ್ಳೆ ಹಾಕುತ್ತಿದ್ದ, ಒಂದು ಉದ್ದ, ಒಂದು ಗಿಡ್ಡ. ಮಗಳು ಎಲ್ಲಿದ್ದರೂ “ಬಂದೇ ಅಪ್ಪಾ” ಎಂದು ಓಡುತ್ತಿದ್ದಳು. ಅವನು ಹೋದ ಮೇಲೆ ಅವಳ ಬಾಯಲ್ಲಿ ಕನ್ನಡವೇ ಬರಲಿಲ್ಲ. ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ.

ಈಗ ಅವಳಿಗೆ ಹದಿನಾರು. ಇಡೀ ದಿನ ಕಾರು ಓಡಿಸಿ, ಫೋನಿನ ಸಿಗ್ನಲ್ ಸತ್ತ ಮೇಲೂ ಮುಂದೆ ಹೋಗಿ, ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ತಾಯಿ ಮಗಳು ಆ ಸರೋವರದ ದಡದಲ್ಲಿ ನಿಂತಿದ್ದರು. ದ್ವೀಪ ಎದುರಿಗೇ ಕಾಣುತ್ತಿತ್ತು.

“ಅಮ್ಮ, ಯೂ ಕಾಂಟ್ ಈವನ್ ಸ್ವಿಮ್.”

“ಲೈಫ್‌ಜಾಕೆಟ್ ಇದೆಯಲ್ಲ. ಮಾತು ಕೊಟ್ಟಿದೀನಿ ಕಣೇ.”

“ಟು ಎ ಕ್ರೋ?”

“ನಿಮ್ಮಪ್ಪಂಗೆ.”

ಸಾಹಿತ್ಯ ಕಣ್ಣು ತಿರುಗಿಸಿದಳು. ಆದರೂ ಜಾಕೆಟ್ಟಿನ ಬಕಲ್ ಹಾಕಿಕೊಂಡಳು.

ಅರುಂಧತಿ ಡಬ್ಬಿ ತೆಗೆದು ಬಂಡೆಯ ಮೇಲೆ ಒಂದು ತುತ್ತು ಮೊಸರನ್ನ ಇಟ್ಟಳು. ಒಣಗಿದ ಪೈನ್ ಮರದ ಮೇಲೆ ಕಾಗೆಯೊಂದು ಕೂತಿತ್ತು. ಊರಿನ ಕಾಗೆಗಿಂತ ಎರಡರಷ್ಟು ದೊಡ್ಡದು, ಕೊರಳಲ್ಲಿ ಗಡ್ಡದಂತೆ ಪುಕ್ಕ. ಅದು ಅನ್ನವನ್ನು ನೋಡಲಿಲ್ಲ, ಸಾಹಿತ್ಯಳನ್ನು ನೋಡುತ್ತಿತ್ತು.

“ಮ್ಯಾಮ್, ನೋ ಫುಡ್ ಔಟ್‌ಸೈಡ್! ಬೇರ್ಸ್!” ದೋಣಿ ಬಾಡಿಗೆಗೆ ಕೊಡುವ ಹುಡುಗಿ ಶೆಡ್ಡಿನಿಂದ ಕೂಗಿ ಕರಡಿಗಳಿವೆಯೆಂದು ಎಚ್ಚರಿಸಿದಳು.

“ಅಪ್ಪ ಗೆಟ್ಸ್ ಅಸ್ ಈಟನ್ ಬೈ ಎ ಬೇರ್. ಗ್ರೇಟ್,” ಎಂದು ಸಾಹಿತ್ಯ ನಕ್ಕಳು. ಅರುಂಧತಿಗೂ ನಗು ಬಂತು. ಇಟ್ಟ ಎಡೆಯನ್ನು ಹಿಂದಕ್ಕೆ ತೆಗೆಯಬಾರದು. ಆದರೂ ಬಂಡೆಯಿಂದ ಬಳಿದು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ, ಕಾರಿನಲ್ಲಿಟ್ಟು ಬಂದಳು.

ಅಷ್ಟರಲ್ಲಿ ಸಾಹಿತ್ಯ ದೋಣಿಯ ಮುಂದಿನ ಹಲಗೆಯ ಮೇಲೆ ಕೂತು ಹುಟ್ಟನ್ನು ಮೊಣಕಾಲಿಗೆ ಅಡ್ಡ ಇಟ್ಟುಕೊಂಡಿದ್ದಳು. ಉಮಾಶಂಕರನ ಫೋಟೋಗಳಲ್ಲೆಲ್ಲ ಅವನು ಕೂರುತ್ತಿದ್ದುದೂ ಹಾಗೆಯೇ. ಗಾಳಿಯೇ ಇರಲಿಲ್ಲ. ಅವನು ಮುಳುಗಿದ ದಿನವೂ ಇರಲಿಲ್ಲವೆಂದು ಪೊಲೀಸರು ಹೇಳಿದ್ದರು. ಅವನ ಲೈಫ್‌ಜಾಕೆಟ್ ದೋಣಿಯಲ್ಲೇ ಸಿಕ್ಕಿತ್ತು, ಮಡಿಸಿಟ್ಟ ಹಾಗೆ.

ಅರುಂಧತಿ ಹಗ್ಗ ಬಿಚ್ಚಿ ಹಿಡಿದು ಒಂದು ಕಾಲು ನೀರಿಗಿಟ್ಟಳು.

ದ್ವೀಪದ ಕಡೆಯಿಂದ ಸಿಳ್ಳೆ ಕೇಳಿಸಿತು. ಒಂದು ಉದ್ದ, ಒಂದು ಗಿಡ್ಡ.

ಯಾವುದೋ ನೀರಹಕ್ಕಿ ಇರಬೇಕು. ಆದರೆ ಸಾಹಿತ್ಯಳ ಬೆನ್ನು ನೆಟ್ಟಗಾಯಿತು. ಅವಳು ಅಮ್ಮನತ್ತ ತಿರುಗಲಿಲ್ಲ.

“ಬಂದೇ ಅಪ್ಪಾ,” ಎಂದಳು, ಸ್ವಚ್ಛ ಕನ್ನಡದಲ್ಲಿ. ಅವಳ ಕೈ ಜಾಕೆಟ್ಟಿನ ಬಕಲ್ ಬಿಚ್ಚುತ್ತಿತ್ತು.

ಅರುಂಧತಿ ಹಗ್ಗವನ್ನು ಮುಂಗೈಗೆ ಸುತ್ತಿ ಎಳೆದಳು. ದೋಣಿಯ ತಳ ಕಲ್ಲಿಗೆ ಉಜ್ಜಿ ದಡಕ್ಕೆ ಬಂತು.

“ಇಳಿ.”

“ವಾಟ್? ವೈ?”

“ಈಗೇನಂದೆ ನೀನು? ಇಳಿ ಅಂದ್ನಲ್ಲ!”

“ಅಮ್ಮ, ಐ ಡಿಡಂಟ್ ಸೇ ಎನಿಥಿಂಗ್. ವೈ ಆರ್ ಯೂ ಕ್ರೈಯಿಂಗ್?”

ಹಿಂದೆ ಪೈನ್ ಮರದ ಮೇಲಿನ ಕಾಗೆ ಒಮ್ಮೆ ಕೂಗಿತು. ಅರುಂಧತಿ ತಿರುಗಿ ನೋಡಲಿಲ್ಲ. ಮಗಳ ಮುಂಗೈ ಹಿಡಿದು ಕಾರಿನವರೆಗೂ ನಡೆಸಿಕೊಂಡು ಬಂದು, ಸೀಟಿನಲ್ಲಿ ಕೂರಿಸಿ, ಚಿಕ್ಕ ಮಗುವಿಗೆ ಹಾಕುವಂತೆ ತಾನೇ ಬೆಲ್ಟ್ ಹಾಕಿದಳು. ಮೊಸರನ್ನದ ಡಬ್ಬಿ ಹಿಂದಿನ ಸೀಟಿನಲ್ಲಿತ್ತು.

ಸಾಹಿತ್ಯಳನ್ನು ಅವಳು ದ್ವೀಪಕ್ಕೆ ಕರೆದುಕೊಂಡು ಹೋಗಲಿಲ್ಲ.