ಬಲತೋಳಿನ ಕವಚ

ಗಂಡನ ಎಡಗೈ ಮೂಳೆ ಕೂಡಿದೆಯೆಂದು ವೈದ್ಯರು ಹೇಳಿದ್ದರೂ ಅವಳ ಜೀವಕ್ಕೆ ನೆಮ್ಮದಿಯಿರಲಿಲ್ಲ. ಅವನದು ತರಬೇತಿಯ ಕಣದಲ್ಲಿ ಕಳ್ಳನಂತೆ ನಿಂತು ಕಾವಲುನಾಯಿಗಳಿಂದ ಕಚ್ಚಿಸಿಕೊಳ್ಳುವ ಕೆಲಸ. ನಾಯಿಗಳನ್ನು ಪಳಗಿಸುವವಳು ಅವನ ತಂಗಿ. ನಾಳೆಯಿಂದ ಮತ್ತೆ ಕಣಕ್ಕಿಳಿಯಬೇಕು. ಹಳೆಯ ತೋಳುಕವಚ ಸವೆದುಹೋಗಿದ್ದರಿಂದ ಹೊಸದನ್ನು ಕೊಳ್ಳಲು ಮೂವರೂ ಅಂಗಡಿಗೆ ಬಂದಿದ್ದರು, ಜೊತೆಗೆ ದೊರೆ ಎಂಬ ಹಿರಿಯ ನಾಯಿಯೂ.

ಅವಳತ್ತ ನೋಡಿ ಇವರು ಯಾರೆಂದು ಅಂಗಡಿಯವನು ಕೇಳಿದಾಗ ನಾದಿನಿ, "ಕಳ್ಳನ ಹೆಂಡತಿ," ಎಂದು ನಕ್ಕಳು. ಎಂದಿದ್ದರೂ ಮುಂಡೆಯೇ ಎಂಬ ಆ ಗಾದೆಯ ಉಳಿದರ್ಧ ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ಅಂಗಡಿಯವನು ಏನೂ ಕೇಳದವನಂತೆ ಹೆಂಡತಿಗೊಂದು ಕುರ್ಚಿ ಎಳೆದುಕೊಟ್ಟ.

ಅವಳು ಕೂರಲಿಲ್ಲ. ಒಂದೊಂದು ಕವಚವನ್ನೂ ಒತ್ತಿ ನೋಡಿದಳು. ಮೆತ್ತನೆಯವು ಮರಿಗಳ ಹಾಲುಹಲ್ಲಿಗಷ್ಟೇ ಸರಿ. ಎಲ್ಲಕ್ಕಿಂತ ಗಟ್ಟಿಯಾದುದನ್ನು ಎತ್ತಿದರೆ ನಾದಿನಿ ಬೇಡವೆಂದಳು. ಕಲ್ಲಿನಂತಿದ್ದರೆ ನಾಯಿ ಬಾಯ್ತುದಿಯಲ್ಲಿ ಹಿಡಿದು, ಜಾರಿ, ಇನ್ನೆಲ್ಲೋ ಬಾಯಿ ಹಾಕುತ್ತದಂತೆ. ಕೆಳಗಿನ ಹಲಗೆಯಲ್ಲಿ ಬಲಗೈಗೆಂದೇ ಮಾಡಿದ್ದೊಂದು ಕಂಡಿತು. ಎಡಗೈ ಉಳಿಯಿತಲ್ಲ! ಎಷ್ಟೋ ದಿನಗಳ ಮೇಲೆ ಅವಳ ಮುಖ ಅರಳಿತು.

ನಾದಿನಿ ಏನೋ ಹೇಳಹೊರಟಳು. ಗಂಡ ಕಣ್ಣಲ್ಲೇ ತಡೆದು, ಅದನ್ನು ತೊಟ್ಟುಕೊಂಡು, ಹಗುರವಾಗಿದೆ ಎಂದ.

ಹಿಂದಿನ ಅಂಗಳದಲ್ಲಿ ಪರೀಕ್ಷೆ. ಯಾರೂ ಹೇಳದಿದ್ದರೂ ನಾದಿನಿ ಕಚ್ಚದಂತೆ ದೊರೆಯ ಮೂತಿಗೆ ಕುಕ್ಕೆ ಬಿಗಿದಳು. ಅವನು ಬಲಗೈ ಚಾಚಿ ನಿಂತ. ದೊರೆ ಬಾಣದಂತೆ ಬಂದು, ಚಾಚಿದ ಕೈಯನ್ನು ಬಿಟ್ಟು, ಬರಿಯ ಎಡತೋಳಿಗೇ ಅಪ್ಪಳಿಸಿತು. ಅವನು ತೋಳು ಹಿಡಿದುಕೊಂಡು ಕುಸಿದು ಕುಳಿತ. ಕುಕ್ಕೆ ಇಲ್ಲದಿದ್ದರೆ?

"ವರ್ಷಗಟ್ಟಲೆ ಎಡಗೈನೇ ಕೊಟ್ಟಿದ್ದೀವಲ್ಲ ಅತ್ತಿಗೆ," ಎಂದಳು ನಾದಿನಿ ಮೆಲ್ಲಗೆ. "ಅದಕ್ಕೆ ಕಳ್ಳ ಅಂದ್ರೆ ಎಡಗೈ."

"ನಿಮಗೆ ಗೊತ್ತಿತ್ತಾ?" ಎಂದು ಗಂಡನನ್ನು ಕೇಳಿದಳು.

"ಅನುಮಾನ ಇತ್ತು. ನೀನು ನಗ್ತಾ ಇದ್ದೆ, ಕೆಡಿಸೋಕೆ ಮನಸ್ಸು ಬರಲಿಲ್ಲ."

"ನಿಮ್ಮ ಈ ಒಳ್ಳೇತನ ಇದೆಯಲ್ಲ, ನಾಯಿಗಿಂತ ಅದಕ್ಕೇ ನಂಗೆ ಭಯ."

ಅವನ ತೋಳನ್ನು ಭುಜದಿಂದ ಬೆರಳಿನವರೆಗೆ ತಡವಿ ನೋಡಿದಳು. ನೋವಿತ್ತು, ಊತವಿರಲಿಲ್ಲ. ಒಳಗೆ ಹೋಗಿ, ಎಡಗೈಯ ಕವಚಗಳಲ್ಲಿ ಹದವಾದ ಎರಡನ್ನು ಆರಿಸಿ ತಂದಳು. ಒಂದರೊಳಗೆ ತನ್ನದೇ ಕೈ ತೂರಿಸಿದಳು. ನಾಯಿಯೆಂದರೆ ಮಾರುದೂರ ನಿಲ್ಲುವವಳು.

"ಕುಕ್ಕೆ ತೆಗಿ. ಹಗ್ಗ ಗಿಡ್ಡ ಹಿಡ್ಕೋ," ಎಂದಳು ನಾದಿನಿಗೆ.

ಗಂಡ ಬೇಡವೆಂದ, ಅವಳು ಅವನತ್ತ ತಿರುಗಲಿಲ್ಲ. ನಾದಿನಿ ಅಣ್ಣನ ಮುಖ ನೋಡಿದಳು, ಅತ್ತಿಗೆಯ ಮುಖ ನೋಡಿದಳು, ಹಗ್ಗವನ್ನು ಅಂಗೈಗೆ ಸುತ್ತಿಕೊಂಡಳು. ದೊರೆ ಬಾಯ್ತುಂಬ ಹಿಡಿಯಿತು. ಅವಳು ಕಣ್ಣು ಮುಚ್ಚಿ ನಿಂತಳು. ಹಿಡಿತ ಹೊರಗಿನ ಗೋಣಿಬಟ್ಟೆ ದಾಟಿ, ಒಳಪದರ ದಾಟಿ, ಅವನಿಗೆ ಮೂಳೆ ಮುರಿದಿದ್ದ ಜಾಗದಲ್ಲೇ ಅವಳ ತೋಳನ್ನು ಒತ್ತಿತು.

"ಇದು ಬೇಡ," ಎಂದಳು. "ಇನ್ನೊಂದು ಕೊಡಿ."