ಟೈಲ್ಸ್‌ಗೆ ಮುಂಚಿನ ನೆಲ

ನಾನು ತಾಳ್ಮೆಯ ಹೆಂಗಸಲ್ಲ. ಮೂರು ದಿನವಾದರೂ ಹಾಲ್‌ನಲ್ಲಿ ಒಂದೇ ಒಂದು ಟೈಲ್ಸ್ ಕೂರದಿದ್ದಾಗ ಮೇಸ್ತ್ರಿಗೆ ಆಮೆ ಎಂದು ಹೆಸರಿಟ್ಟವಳೂ ನಾನೇ.

ನನ್ನ ಅವಸರಕ್ಕೆ ಕಾರಣವಿತ್ತು. ಪಾರ್ಶ್ವವಾಯು ಬಡಿದಾಗಿನಿಂದ ಅಮ್ಮನ ಬಲಗಾಲು ಮೇಲೇಳುತ್ತಿರಲಿಲ್ಲ, ನೆಲಕ್ಕೆ ಉಜ್ಜಿಕೊಂಡೇ ಬರುತ್ತಿತ್ತು. ಅವಳ ಕೋಣೆಗೂ ಬಚ್ಚಲಿಗೂ ನಡುವೆ ಇದ್ದದ್ದು ಹಾಲ್‌ನ ಬರಿಯ ಕಾಂಕ್ರೀಟು, ಉಬ್ಬು ತಗ್ಗು. ಎರಡು ತಿಂಗಳ ಹಿಂದೆ ಒಂದು ಉಬ್ಬಿಗೆ ಬೆರಳು ತಾಗಿ ಬಿದ್ದಳು. ಅಂದಿನಿಂದ ಬಚ್ಚಲಿಗೆ ನನ್ನ ತೋಳು ಹಿಡಿದೇ ಬರಬೇಕು, ಬಾಗಿಲು ತೆರೆದೇ ಇರಬೇಕು. ನಲವತ್ತು ವರ್ಷ ಊರಿನ ಅರ್ಧ ಜನಕ್ಕೆ ಬಟ್ಟೆ ಹೊಲಿದುಕೊಟ್ಟ ಟೈಲರ್ ಅವಳು. ಬಾಗಿಲು ತೆರೆದಿಟ್ಟ ಆ ಹೊತ್ತಿನಲ್ಲಿ ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಇದನ್ನೆಲ್ಲ ಮೊದಲ ದಿನವೇ ಆಮೆ ಮೇಸ್ತ್ರಿಗೆ ಹೇಳಿದ್ದೆ. ಅವರು ಹೂಂಗುಟ್ಟಿ, ಆರಡಿಯ ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲಿಟ್ಟು, ಕೆನ್ನೆ ತಾಗುವಷ್ಟು ಬಗ್ಗಿ ಅದರಡಿಯ ಬೆಳಕು ನೋಡತೊಡಗಿದರು. ಬೆಳಕು ನುಸುಳಿದ ಕಡೆ ತಗ್ಗು, ಅಲ್ಲಿ ಸೀಮೆಸುಣ್ಣದ ಸೊನ್ನೆ. ಪಟ್ಟಿ ಓಲಾಡಿದ ಕಡೆ ಉಬ್ಬು, ಅಲ್ಲಿ ಗೀಟು. ಎರಡು ದಿನ ಬರೀ ಉಬ್ಬು ಉಜ್ಜಿದರು. ಮನೆಯೆಲ್ಲ ಧೂಳು.

ಮೂರನೆಯ ಸಂಜೆ ಅವರು ಹೊರಟ ಮೇಲೆ ನನಗೆ ತಡೆಯಲಾಗಲಿಲ್ಲ. ಬಚ್ಚಲ ಬಾಗಿಲ ಮುಂದಿನ ದೊಡ್ಡ ತಗ್ಗಿಗೆ ನಾನೇ ಸಿಮೆಂಟು ಕಲಸಿ ತುಂಬಿ, ಕರಣೆಯಿಂದ ನುಣ್ಣಗೆ ಎಳೆದೆ. ಒಂದು ದಿನ ಉಳಿಸಿದೆನೆಂದು ಬೀಗಿದೆ.

ಬೆಳಿಗ್ಗೆ ಮೇಸ್ತ್ರಿ ಕರಣೆಯ ಹಿಡಿಯಿಂದ ಅದನ್ನು ತಟ್ಟಿದರು. ಡಬ ಡಬ ಎಂದಿತು.

“ಯಾರಮ್ಮ ಹಾಕಿದ್ದು?”

“ನಾನೇ.”

“ಕೈ ಚೆನ್ನಾಗಿದೆ. ಆದ್ರೆ ಧೂಳಿನ ಮೇಲೆ ಹಾಕಿದ್ದೀರಿ. ನೆಲಕ್ಕೆ ಅಂಟೇ ಇಲ್ಲ.”

ಉಳಿಯ ತುದಿ ಕೊಟ್ಟು ಮೀಟಿದರು. ನನ್ನ ಜಾಣತನವೆಲ್ಲ ಗಾಯದ ಹಕ್ಕಳೆಯಂತೆ ಇಡಿಯಾಗಿ ಎದ್ದು ಬಂತು. ಬಯ್ದಿದ್ದರೆ ನಾನೂ ತಿರುಗಿ ಬೀಳುತ್ತಿದ್ದೆನೇನೋ. ಅವರು ಸುಮ್ಮನೆ ಬ್ರಷ್ಷನ್ನು ನನ್ನ ಕೈಗಿಟ್ಟರು.

“ತೊಳೀರಿ. ನೀರು ತಿಳಿಯಾಗೋವರೆಗೂ.”

ಆರು ಬಕೆಟ್ ಹಿಡಿಯಿತು. ಒದ್ದೆ ನೆಲಕ್ಕೆ ಅವರು ಅಂಟಿಗೆಂದು ಸಿಮೆಂಟಿನ ಹಾಲು ಬಳಿದು, ಅದು ಒಣಗುವ ಮೊದಲೇ ಗಾರೆ ತುಂಬಿದರು. ಅಂಚು ಎಲ್ಲಿದೆಯೆಂದು ಬೆರಳಾಡಿಸಿ ಹುಡುಕಿದೆ, ಸಿಗಲಿಲ್ಲ. ಆಮೆ ಎನ್ನುವುದನ್ನು ಅಂದೇ ಬಿಟ್ಟೆ.

ಕೆಲವು ದಿನ ನೀರುಣಿಸಿದ ಮೇಲೆ ಗಾರೆ ಗಟ್ಟಿಯಾಯಿತು. ಇನ್ನೇನು ಟೈಲ್ಸ್ ಪೆಟ್ಟಿಗೆ ಬಿಚ್ಚುತ್ತಾರೆ ಎಂದುಕೊಂಡರೆ ಮೇಸ್ತ್ರಿ ಅಮ್ಮನ ಕೋಣೆಯ ಬಾಗಿಲಲ್ಲಿ ಹೋಗಿ ನಿಂತರು.

“ಅಮ್ಮಾ, ಒಂದ್ಸಲ ನಡೆದು ನೋಡ್ತೀರಾ? ಟೈಲ್ಸ್ ಕೂರಿಸಿದ ಮೇಲೆ ತಪ್ಪು ಸಿಕ್ರೆ ನಾನೇನೂ ಮಾಡೋಕಾಗಲ್ಲ.”

ಹೊರಗಿನವರೆದುರು ಆ ಕಾಲಿನಲ್ಲಿ ನಡೆಯುವುದೆಂದರೆ ಅಮ್ಮನಿಗೆ ಪ್ರಾಣಸಂಕಟ. ಅವಳು ಅವರನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

“ಟ್ರಯಲ್ ಅನ್ನಿ. ನಾನೂ ಟ್ರಯಲ್ ನೋಡದೆ ಯಾರ ಬಟ್ಟೇನೂ ಮುಗಿಸಿದವಳಲ್ಲ.”

ಕೋಲೂರಿ ಹೊರಟಳು. ಕಾಲು ಸರ್ ಎಂದು ಉಜ್ಜುತ್ತ ಬಂತು. ಮೇಸ್ತ್ರಿ ಕಣ್ಣು ಮುಚ್ಚಿ ಆ ಸದ್ದನ್ನೇ ಕೇಳುತ್ತ ನಿಂತರು. ಹಾಲ್‌ನ ನಡುವೆ ಅದು ಒಂದು ಕ್ಷಣ ತಡವರಿಸಿತು. ಪಟ್ಟಿಗೂ ಸಿಗದ ಉಬ್ಬು. ಗೀಟೆಳೆದು, ಕಲ್ಲಿನಿಂದ ಉಜ್ಜಿ, ಒರೆಸಿ, “ಇನ್ನೊಂದ್ಸಲ” ಎಂದರು. ಅಮ್ಮನ ಹೆಜ್ಜೆಗೆ ಅಷ್ಟು ಕಿವಿಗೊಟ್ಟವರು ಇನ್ನೊಬ್ಬರಿರಲಿಲ್ಲ, ನಾನಂತೂ ಕೊಟ್ಟಿರಲಿಲ್ಲ. ಆ ಮನುಷ್ಯನಿಗೆ ಕೈ ಮುಗಿಯಬೇಕೆನಿಸಿತು.

ಈ ಸಲ ಸದ್ದು ಎಲ್ಲೂ ತಡವರಿಸಲಿಲ್ಲ. ಅಮ್ಮ ಬಚ್ಚಲ ಬಾಗಿಲು ಮುಟ್ಟಿದಳು. ಅಭ್ಯಾಸಬಲದಿಂದ ನಾನು ಹಿಂದೆಯೇ ಓಡಿದೆ.

“ನೀನೆಲ್ಲಿಗೆ?” ಎಂದವಳೇ ನನ್ನ ಮೂಗಿನ ಮುಂದೆ ಬಾಗಿಲು ಮುಚ್ಚಿ, ಒಳಗಿನಿಂದ ಚಿಲಕ ಹಾಕಿಕೊಂಡಳು.

ನಾನು ಅಲ್ಲೇ ನಿಂತು ಕಣ್ಣೊರೆಸಿಕೊಂಡೆ. ಮೇಸ್ತ್ರಿ ನೋಡದವರಂತೆ ಟೈಲ್ಸ್ ಪೆಟ್ಟಿಗೆಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿ ಕತ್ತರಿಸುತ್ತಿದ್ದರು.

“ಇವತ್ತೇ ನಾಲ್ಕು ಸಾಲು ಹಾಕಿಬಿಡ್ತೀನಮ್ಮ.”

“ಅವಸರ ಏನಿಲ್ಲ ಅಣ್ಣ,” ಎಂದೆ. “ನಿಧಾನಕ್ಕೇ ಹಾಕಿ.”